ಬ್ರಿಡ್ಜ್ ಕ್ರೀಡೆ ಮತ್ತು ಅದರ ಪ್ರಸಾರ

ಸ್ಮರಣ ಸಂಚಿಕೆಗೆಂದು ಕನ್ನಡ ಪಂಡಿತನಿಂದ ಲೇಖನ ಬೇಡಿದವರು ಛಂದಸ್ಸನ್ನೋ ವ್ಯಾಕರಣವನ್ನೋ ನಿರೀಕ್ಷಿಸುವುದು ಸಹಜ. ಹಿಂದಿನ ಸಂಚಿಕೆಗಳಲ್ಲಿ ನಾನೂ ಆ ದಾರಿಯನ್ನೇ ಹಿಡಿದಿದ್ದೆನು. ಈ ಸಲ ಮಾತ್ರ ಇಸ್ಪೀಟೆಲೆಗಳ ಆಟವೊಂದನ್ನು ಕುರಿತು ಬರೆಯುತ್ತಿದ್ದೇನೆ. ಅಧ್ಯಾಪಕ ಮಿತ್ರರು ಹುಬ್ಬು ಗಂಟಿಕ್ಕುವರೆಂದೂ, ದಾನಿಗಳಾದ ಹಿರಿಯರು ಒಂದು ಕ್ಷಣ ತಡೆದು ತಲೆಬರಹವನ್ನು ಮತ್ತೊಮ್ಮೆ ಓದುವರೆಂದೂ ಬಲ್ಲೆ. ಆದುದರಿಂದ ಈ ವಿಷಯ ನನ್ನನ್ನು ಹಿಡಿದ ಬಗೆಯನ್ನು ಮೊದಲು ಅರಿಕೆ ಮಾಡಿಕೊಂಡು, ಆಮೇಲೆ ಆಟದ ಮಾತಿಗೆ ಬರುವೆನು.

ಸುಮಾರು ಮೂವತ್ತು ವರ್ಷಗಳ ಕೆಳಗೆ ನಾನು ಒಂದು ವಿದ್ಯಾರ್ಥಿನಿಲಯದ ಮೇಲ್ವಿಚಾರಕನಾಗಿದ್ದೆನು. ಒಂದು ರಾತ್ರಿ ದೀಪವಾರಿಸುವ ಗಂಟೆ ಬಾರಿಸಿ ಬಹಳ ಹೊತ್ತಾದ ಮೇಲೆ ಹದಿನಾಲ್ಕನೆಯ ಕೋಣೆಯಲ್ಲಿ ಬೆಳಕು ಕಂಡು ಬಾಗಿಲು ತಳ್ಳಿದೆ. ನಾಲ್ವರು ಹುಡುಗರು ಚಾಪೆಯ ಮೇಲೆ ಎದುರುಬದುರಾಗಿ ಕುಳಿತು ಎಲೆಗಳನ್ನು ಹಿಡಿದಿದ್ದರು. ಒಂದು ಮಾತನ್ನೂ ಕೇಳದೆ ಆ ಎಲೆಗಳನ್ನು ಅವರ ಕಣ್ಣೆದುರಿಗೇ ಹರಿದುಹಾಕಿದೆನು. ಚಾಪೆಯ ಕೆಳಗೆ ಒಂದು ನೋಟುಪುಸ್ತಕವೂ ಸಿಕ್ಕಿತು. ಅದರ ಪುಟಪುಟದಲ್ಲಿಯೂ ‘೧೪ನೇ ಕೋಣೆ’, ‘೧೭ನೇ ಕೋಣೆ’ ಎಂದು ಎರಡು ಸಾಲು. ಅವುಗಳ ಕೆಳಗೆ ೪೨೦, ೧೭೦, ೬೨೦ ಎಂಬಂಥ ಅಂಕಿಗಳು. ಎರಡು ಕೋಣೆಗಳಲ್ಲಿ ಜೂಜು ನಡೆಯುತ್ತಿದೆ, ಇವು ಗೆದ್ದುಸೋತ ರೂಪಾಯಿಗಳು ಎಂದು ನನಗೆ ಖಚಿತವಾಯಿತು. ೪೨೦ ಎಂಬ ಅಂಕಿಯಂತೂ, ಆಗಿನ ದಂಡಸಂಹಿತೆಯಲ್ಲಿ ವಂಚನೆಯ ಕಲಮಾದುದರಿಂದ, ನನ್ನ ಸಂಶಯದ ಬೆಂಕಿಗೆ ತುಪ್ಪ ಸುರಿದಂತಾಯಿತು. ಎಂಟು ಮಂದಿ ಹುಡುಗರ ತಂದೆಯರಿಗೂ ಪತ್ರ ಬರೆದೆನು. ಏಳು ಮಂದಿ ಬಂದು ತಪ್ಪೊಪ್ಪಿಗೆ ಬರೆದುಕೊಟ್ಟು ಹೋದರು. ಎಂಟನೆಯವರು ಒಂದೂ ಮಾತಾಡದೆ ಮಗನ ಟ್ರಂಕನ್ನೂ ಹಾಸಿಗೆಯನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಊರಿಗೆ ಕರೆದೊಯ್ದರು. ಆ ಹುಡುಗ ಮರಳಿ ಬರಲಿಲ್ಲ. ಸಂಧಿ ಸಮಾಸಗಳಲ್ಲಿ ನನ್ನ ತರಗತಿಗೇ ಮೊದಲಿಗನಾಗಿದ್ದವನು ಅವನು.

೨೦೧೮ರ ಸೆಪ್ಟೆಂಬರಿನಲ್ಲಿ ಒಂದು ಬೆಳಗ್ಗೆ ವೃತ್ತಪತ್ರಿಕೆ ತೆರೆದಾಗ, ಜಕಾರ್ತಾದ ಏಷ್ಯನ್ ಕ್ರೀಡೆಗಳಲ್ಲಿ ಭಾರತಕ್ಕೆ ಬ್ರಿಡ್ಜ್ ಆಟದಲ್ಲಿ ಚಿನ್ನದ ಪದಕ ಬಂದ ಸುದ್ದಿ ಕಂಡಿತು. ಪುರುಷರ ಜೋಡಿ ಸ್ಪರ್ಧೆಯಲ್ಲಿ ಗೆದ್ದವರು ಬಂಗಾಳದ ಪ್ರಣವ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್. ಮೊದಲನೆಯವರಿಗೆ ಆಗ ೬೦ ವರ್ಷ, ಎರಡನೆಯವರಿಗೆ ೫೬. ಇಸ್ಪೀಟಿಗೆ ಚಿನ್ನವೇ ಎಂದು ಬೆರಗಾಗಿ, ಈ ಆಟವೇನೆಂದು ತಿಳಿಯುವ ಕುತೂಹಲದಿಂದ ಗಣಿತದ ಅಧ್ಯಾಪಕರೊಬ್ಬರಲ್ಲಿ ಒಂದು ಪುಸ್ತಕವನ್ನು ಎರವಲು ಪಡೆದೆ. ಅದರ ಅಂಕಪಟ್ಟಿಯಲ್ಲಿ ೪೨೦, ೧೭೦, ೬೨೦ ಮೂರೂ ಇದ್ದವು. ಹಳೆಯ ಕಾಗದಗಳ ನಡುವೆ ಆ ನೋಟುಪುಸ್ತಕ ಇನ್ನೂ ನನ್ನಲ್ಲಿಯೇ ಇದ್ದಿತು. ತೆಗೆದು ನೋಡಿದೆ. ರೂಪಾಯಿಯ ಗುರುತು ಎಲ್ಲಿಯೂ ಇರಲಿಲ್ಲ.

ಇಸ್ಪೀಟೆಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಹಾಳುಗುಡಿಯ ಜಗುಲಿ, ಅಂದರ್ ಬಾಹರ್, ಮೂರೆಲೆ, ಮಾರಿಹೋದ ಹೊಲ. ಈ ಭಯಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಪಂಪನ ವಿಕ್ರಮಾರ್ಜುನವಿಜಯದಲ್ಲಿ ಧರ್ಮರಾಯನೂ, ಕನಕದಾಸರ ನಳಚರಿತ್ರೆಯಲ್ಲಿ ನಳನೂ ದ್ಯೂತದಿಂದ ಕೆಟ್ಟವರೇ. ಅಂಗೈಯಲ್ಲಿಯೇ ಜೂಜುಕಟ್ಟೆಯನ್ನು ತಂದಿಟ್ಟ ಮೊಬೈಲ್ ರಮ್ಮಿಯಿಂದ ಸಾಲಗಾರರಾದ ತರುಣರನ್ನು ನಾವೆಲ್ಲರೂ ಬಲ್ಲೆವು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ೨೦೨೫ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಬೇಕಾಯಿತು. ಆದರೆ ಈ ಎಲ್ಲ ಅನರ್ಥಗಳಿಗೂ ಮೂಲ ಪಣವೇ ಹೊರತು ಎಲೆಯಾಗಲಿ ದಾಳವಾಗಲಿ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ‘ಛದ’ ಎಂಬ ಎಲೆಯಾಟಗಳನ್ನು ವಿವರಿಸಿದ್ದಾರೆ. ಅಂಥವು ಹದಿಮೂರು, ಒಂದೊಂದು ಕಟ್ಟಿಗೆ ೩೬ರಿಂದ ಹಿಡಿದು ೩೬೦ ಎಲೆಗಳವರೆಗೆ. ದೇವತೆಗಳ ಚಿತ್ರವುಳ್ಳ ಆ ಗಂಜೀಫಾ ಎಲೆಗಳನ್ನು ಇಂದು ಕಲಾವಸ್ತುಗಳೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುತ್ತೇವೆ. ಅವುಗಳಿಂದ ಆಡುತ್ತಿದ್ದರೆಂಬುದೇ ನಮಗೆ ಮರೆತುಹೋಗಿದೆ.

ಈಗ ಬ್ರಿಡ್ಜಿನ ಸ್ವರೂಪವನ್ನು ಸ್ಥೂಲವಾಗಿ ಹೇಳುವೆನು. ನಾಲ್ವರು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮವೆಂದು ಕುಳಿತುಕೊಳ್ಳುವರು. ಎದುರುಬದುರು ಕುಳಿತವರು ಜೊತೆಗಾರರು. ಐವತ್ತೆರಡು ಎಲೆಗಳನ್ನು ತಲೆಗೆ ಹದಿಮೂರರಂತೆ ಹಂಚಲಾಗುವುದು. ಕಳಾವರ್, ಡೈಮನ್, ಆಟೀನ್, ಇಸ್ಪೀಟ್ ಎಂಬ ನಾಲ್ಕು ಜಾತಿಗಳು ಎಲ್ಲರಿಗೂ ತಿಳಿದವೇ. ಒಬ್ಬೊಬ್ಬರು ಒಂದೊಂದು ಎಲೆಯನ್ನು ಇಳಿಸಿದಾಗ ನಾಲ್ಕೆಲೆಯ ಒಂದು ಸುತ್ತಾಗುತ್ತದೆ. ಅದನ್ನು ಇಲ್ಲಿ ‘ಪಟ್ಟು’ ಎಂದು ಕರೆಯುವೆನು. ದೊಡ್ಡ ಎಲೆ ಇಳಿಸಿದವನದು ಅಥವಾ ತುರುಫು ಹೊಡೆದವನದು ಆ ಪಟ್ಟು. ಒಟ್ಟು ಪಟ್ಟುಗಳು ಹದಿಮೂರು. ಇಲ್ಲಿಯವರೆಗೆ ನಮ್ಮ ಹಳ್ಳಿಗಳ ಇಪ್ಪತ್ತೆಂಟರ ಆಟ ಬಲ್ಲವನಿಗೆ ಹೊಸದೇನೂ ಇಲ್ಲ. ಅಲ್ಲಿಯೂ ಜೊತೆಗಾರನುಂಟು, ಕೂಗುಂಟು, ತುರುಫುಂಟು.

ಬ್ರಿಡ್ಜಿನ ವೈಶಿಷ್ಟ್ಯವಿರುವುದು ಕೂಗಿನಲ್ಲಿ. ಎಲೆ ಇಳಿಸುವ ಮೊದಲು, ‘ನಾವಿಬ್ಬರೂ ಸೇರಿ ಇಂಥ ಜಾತಿಯನ್ನು ತುರುಫು ಮಾಡಿಕೊಂಡು ಇಷ್ಟು ಪಟ್ಟುಗಳನ್ನು ಗೆಲ್ಲುವೆವು’ ಎಂದು ಹರಾಜಿನ ರೀತಿಯಲ್ಲಿ ಏರುತ್ತ ಹೋಗಬೇಕು. ಮೊದಲ ಆರು ಪಟ್ಟುಗಳು ಲೆಕ್ಕಕ್ಕಿಲ್ಲ. ಅವುಗಳ ಮೇಲಿನವನ್ನು ಮಾತ್ರ ಎಣಿಸುವುದು. ‘ನಾಲ್ಕು ಇಸ್ಪೀಟ್’ ಎಂದರೆ ಇಸ್ಪೀಟನ್ನು ತುರುಫಾಗಿಟ್ಟು ಹತ್ತು ಪಟ್ಟುಗಳನ್ನು ಗೆಲ್ಲುವೆವೆಂಬ ಕರಾರು. ಕರಾರು ಹೊತ್ತವನ ಜೊತೆಗಾರನು ತನ್ನ ಹದಿಮೂರು ಎಲೆಗಳನ್ನೂ ಮೇಜಿನ ಮೇಲೆ ತೆರೆದಿಟ್ಟು ಸುಮ್ಮನೆ ಕುಳಿತುಬಿಡುವನು. ಇವನಿಗೆ ಡಮ್ಮಿಯೆಂದು ಹೆಸರು. ಇಪ್ಪತ್ತಾರು ಎಲೆಗಳನ್ನು ಕಂಡು, ಕಾಣದ ಇಪ್ಪತ್ತಾರನ್ನು ಊಹಿಸಿ ಆಡುವುದೇ ಕರಾರು ಹೊತ್ತವನ ಕೆಲಸ. ಒಬ್ಬನ ಕೈಗೆ ಬರಬಹುದಾದ ಹದಿಮೂರು ಎಲೆಗಳ ಬೇರೆಬೇರೆ ಗುಂಪುಗಳು ೬೩,೫೦೧ ಕೋಟಿ ೩೫ ಲಕ್ಷ ೫೯ ಸಾವಿರದ ೬೦೦ ಎಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಆಡಿದ ಆಟವೇ ಮತ್ತೆ ಬಂದೀತೆಂಬ ಭಯ ಯಾರಿಗೂ ಬೇಡ.

ಈ ಕೂಗಿಗೆ ಇರುವ ಶಬ್ದಸಂಪತ್ತು ಎಷ್ಟೆಂದರೆ ಹದಿನೈದೇ ಮಾತುಗಳು: ಒಂದರಿಂದ ಏಳರವರೆಗಿನ ಸಂಖ್ಯೆ, ನಾಲ್ಕು ಜಾತಿ, ತುರುಫಿಲ್ಲದ ಆಟವೆಂಬರ್ಥದ ನೋ ಟ್ರಂಪ್, ಬಳಿಕ ಪಾಸ್, ಡಬಲ್, ರೀಡಬಲ್. ಬೇರೊಂದು ಮಾತಾಡುವಂತಿಲ್ಲ, ಕೆಮ್ಮುವಂತಿಲ್ಲ, ಕಣ್ಣು ಮಿಟುಕಿಸುವಂತಿಲ್ಲ. ಇಷ್ಟರಲ್ಲಿಯೇ ಜೊತೆಗಾರನಿಗೆ ತನ್ನ ಕೈಯ ಬಲವನ್ನೂ ಜಾತಿಗಳ ಉದ್ದವನ್ನೂ ತಿಳಿಸಬೇಕು. ಪಾಣಿನಿಯ ಪ್ರತ್ಯಾಹಾರಗಳನ್ನು ಕಲಿತವನಿಗೆ ಈ ಮಿತವ್ಯಯ ಕಂಡು ರೋಮಾಂಚವಾಗದಿರದು. ಒಂದು ಉದಾಹರಣೆ. ‘ನಾಲ್ಕು ನೋ ಟ್ರಂಪ್’ ಎಂಬ ಕೂಗಿಗೆ ವಾಚ್ಯಾರ್ಥ ಹತ್ತು ಪಟ್ಟುಗಳ ಕರಾರು. ಆದರೆ ೧೯೩೦ರ ದಶಕದಲ್ಲಿ ಅಮೆರಿಕದ ಈಸ್ಲಿ ಬ್ಲ್ಯಾಕ್‌ವುಡ್ ರೂಪಿಸಿದ ಸಂಕೇತದ ಪ್ರಕಾರ, ತಕ್ಕ ಸಂದರ್ಭದಲ್ಲಿ ಅದರ ವ್ಯಂಗ್ಯಾರ್ಥ ‘ನಿನ್ನಲ್ಲಿ ಎಕ್ಕಗಳೆಷ್ಟು?’ ಎಂಬ ಪ್ರಶ್ನೆ. ‘ಐದು ಡೈಮನ್’ ಎಂದು ಉತ್ತರ ಬಂದರೆ ಒಂದು ಎಕ್ಕ. ‘ಐದು ಆಟೀನ್’ ಎಂದರೆ ಎರಡು. ‘ಐದು ಇಸ್ಪೀಟ್’ ಎಂದರೆ ಮೂರು. ನಮ್ಮ ಅಲಂಕಾರಿಕರು ಧ್ವನಿಯೆಂದು ಕರೆದುದಕ್ಕೆ ಇದನ್ನು ಹೋಲಿಸಿದರೆ ಆನಂದವರ್ಧನನು ಮುನಿದುಕೊಳ್ಳಲಾರನೆಂದು ನಂಬಿದ್ದೇನೆ. ಒಂದು ಭೇದವುಂಟು: ಇಲ್ಲಿ ಧ್ವನಿ ಇರಬಹುದು, ಗುಟ್ಟು ಇರಕೂಡದು. ನಿಮ್ಮ ಕೂಗಿನ ಅರ್ಥವೇನೆಂದು ಎದುರಾಳಿಯು ಕೇಳಿದರೆ ನಿಮ್ಮ ಜೊತೆಗಾರನು ಅದನ್ನು ಮುಚ್ಚುಮರೆಯಿಲ್ಲದೆ ಬಿಡಿಸಿ ಹೇಳಲೇಬೇಕು. ಇಬ್ಬರೇ ಬಲ್ಲ ಸಂಕೇತವೆಂಬುದು ಬ್ರಿಡ್ಜಿನಲ್ಲಿ ಅಪರಾಧ.

‘ಎಲ್ಲವೂ ಸರಿ, ಒಳ್ಳೆಯ ಎಲೆ ಬಂದವನು ಗೆಲ್ಲುವನು, ಬಾರದವನು ಸೋಲುವನು, ಇದರಲ್ಲಿ ಸ್ಪರ್ಧೆಯೆಲ್ಲಿ?’ ಎಂದು ವಾಚಕರು ಕೇಳಬಹುದು. ಇದೇ ಮರ್ಮಸ್ಥಾನ. ಸ್ಪರ್ಧೆಯ ಬ್ರಿಡ್ಜಿಗೆ ‘ಡುಪ್ಲಿಕೇಟ್’ ಎಂದು ಹೆಸರು. ಇದರಲ್ಲಿ ಎಲೆಗಳನ್ನು ಆಡಿ ಮುಗಿಸಿದ ಮೇಲೆ ಕಲಸುವುದಿಲ್ಲ. ನಾಲ್ಕು ಗೂಡುಗಳುಳ್ಳ ಬೋರ್ಡ್ ಎಂಬ ಹಲಗೆಯಲ್ಲಿ ನಾಲ್ವರ ಎಲೆಗಳೂ ಬೇರೆಬೇರೆಯಾಗಿ ಕುಳಿತಿರುತ್ತವೆ. ಆ ಹಲಗೆ ಇದ್ದುದಿದ್ದಂತೆಯೇ ಮುಂದಿನ ಮೇಜಿಗೆ ಹೋಗುತ್ತದೆ. ಅಲ್ಲಿನ ನಾಲ್ವರೂ ಅವೇ ಎಲೆಗಳನ್ನು ಆಡುವರು. ತಂಡಗಳ ಪಂದ್ಯದಲ್ಲಿ ಒಂದು ತಂಡಕ್ಕೆ ನಾಲ್ವರು. ಮೊದಲ ಕೋಣೆಯಲ್ಲಿ ನಮ್ಮ ಇಬ್ಬರು ಉತ್ತರ ದಕ್ಷಿಣವಾಗಿ ಕುಳಿತರೆ, ಎರಡನೆಯ ಕೋಣೆಯಲ್ಲಿ ನಮ್ಮ ಉಳಿದಿಬ್ಬರು ಪೂರ್ವ ಪಶ್ಚಿಮವಾಗಿ ಕುಳಿತುಕೊಳ್ಳುವರು. ಒಂದು ಕೋಣೆಯಲ್ಲಿ ನಮಗೆ ಬಂದ ಒಳ್ಳೆಯ ಎಲೆ ಇನ್ನೊಂದು ಕೋಣೆಯಲ್ಲಿ ಎದುರಾಳಿಗೆ ಬಂದೇ ಬರುತ್ತದೆ. ಅದೃಷ್ಟ ಎರಡು ಕಡೆಗೂ ಸಮನಾಗಿ ಹೋಗಿ, ಉಳಿಯುವುದು ಆಡಿದವರ ಬುದ್ಧಿ ಮಾತ್ರ.

ಮೇಲೆ ಹೇಳಿದ ೪೨೦ರ ರಹಸ್ಯ ಈಗ ತಿಳಿದೀತು. ಹದಿನಾಲ್ಕನೆಯ ಕೋಣೆಯ ಜೋಡಿ ‘ನಾಲ್ಕು ಇಸ್ಪೀಟ್’ ಕೂಗಿ ಹತ್ತು ಪಟ್ಟು ಗೆದ್ದಿತೆನ್ನೋಣ. ಆರರ ಮೇಲಿನ ನಾಲ್ಕು ಪಟ್ಟುಗಳಿಗೆ ಮೂವತ್ತರಂತೆ ೧೨೦, ಕೂಗಿದ ಕರಾರಿನ ಬೆಲೆ ನೂರನ್ನು ಮುಟ್ಟಿದ್ದಕ್ಕೆ ೩೦೦, ಒಟ್ಟು ೪೨೦. ಹದಿನೇಳನೆಯ ಕೋಣೆಯಲ್ಲಿ ಅವೇ ಎಲೆ ಹಿಡಿದವರು ಅಂಜಿ ‘ಮೂರು ಇಸ್ಪೀಟ್’ಗೇ ನಿಂತರು. ಅವರೂ ಹತ್ತೇ ಪಟ್ಟು ಗೆದ್ದರು. ಪಟ್ಟುಗಳಿಗೆ ಅದೇ ೧೨೦, ಆದರೆ ಕೂಗಿದ್ದು ತೊಂಬತ್ತರ ಬೆಲೆಯದಾದುದರಿಂದ ೩೦೦ರ ಬದಲು ೫೦ ಮಾತ್ರ, ಒಟ್ಟು ೧೭೦. ಎರಡರ ಅಂತರ ೨೫೦. ಅಂತರರಾಷ್ಟ್ರೀಯ ಪಟ್ಟಿಯ ಪ್ರಕಾರ ಅದಕ್ಕೆ ಆರು ಅಂಕ. ಎಲೆ ಒಂದೇ, ಪಟ್ಟು ಒಂದೇ. ಸೋಲುಗೆಲುವು ತೀರ್ಮಾನವಾದದ್ದು ತಮ್ಮ ಬಲವನ್ನು ಸರಿಯಾಗಿ ಅಳೆದುಕೊಂಡವರು ಯಾರೆಂಬುದರ ಮೇಲೆ. ಒಂದೇ ಕಟ್ಟು ಎಲೆಯಿಂದ ಹುಡುಗರು ಇದನ್ನು ಸಾಧಿಸಿದ ಬಗೆಯೂ ಪುಸ್ತಕದಲ್ಲಿಯೇ ಇತ್ತು. ನಾಲ್ವರ ಎಲೆಗಳನ್ನೂ ಬರೆದಿಟ್ಟುಕೊಂಡು, ಮರುದಿನ ಇನ್ನೊಂದು ಕೋಣೆಯವರಿಗಾಗಿ ಹಾಗೆಯೇ ಜೋಡಿಸಿ ಕೊಡುತ್ತಿದ್ದರು.

ಹಾಗೆಂದು ಬ್ರಿಡ್ಜನ್ನು ಹಣವಿಟ್ಟು ಆಡುವವರೇ ಇಲ್ಲವೆಂದಲ್ಲ. ಆದರೆ ಡುಪ್ಲಿಕೇಟ್ ಆಟದ ರಚನೆಯೇ ಜೂಜಿಗೆ ಒಗ್ಗದು. ರಮ್ಮಿಯಾಟದ ಬಗ್ಗೆ ೧೯೬೭ರಲ್ಲಿ ತೀರ್ಪಿತ್ತ ನಮ್ಮ ಸರ್ವೋಚ್ಚ ನ್ಯಾಯಾಲಯವು, ಎಲೆ ಹಂಚಿಕೆಯಲ್ಲಿರುವ ಆಕಸ್ಮಿಕವನ್ನು ಬ್ರಿಡ್ಜಿನ ಹಂಚಿಕೆಗೆ ಹೋಲಿಸಿಯೇ, ಅದು ಮುಖ್ಯವಾಗಿ ಕೌಶಲದ ಆಟವೆಂದು ಹೇಳಿತು. ನ್ಯಾಯಮೂರ್ತಿಗಳಿಗೆ ಬ್ರಿಡ್ಜ್ ಉಪಮಾನವಾಯಿತೆಂದರೆ ಅದರ ಮರ್ಯಾದೆ ಅಷ್ಟರಮಟ್ಟಿಗೆ ಸ್ಥಿರವಾಗಿದ್ದಿತೆಂದೇ ಅರ್ಥ.

ಆಟದ ಚರಿತ್ರೆಯನ್ನು ಸಂಕ್ಷೇಪಿಸುವೆನು. ಮೂಲ ಇಂಗ್ಲೆಂಡಿನ ವ್ಹಿಸ್ಟ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹರಾಜಿನ ಪದ್ಧತಿ ಸೇರಿ ಆಕ್ಷನ್ ಬ್ರಿಡ್ಜ್ ಆಯಿತು. ಇದು ಹುಟ್ಟಿದ್ದು ಭಾರತದಲ್ಲಿಯೇ ಎಂಬ ಪ್ರತೀತಿ ಉಂಟು. ಯಾವುದೋ ದೂರದ ಠಾಣ್ಯದಲ್ಲಿದ್ದ ಮೂವರು ಬ್ರಿಟಿಷ್ ಅಧಿಕಾರಿಗಳಿಗೆ ನಾಲ್ಕನೆಯವನು ಸಿಕ್ಕದೆ, ಮೂವರೇ ಆಡಲು ಮಾಡಿಕೊಂಡ ಉಪಾಯವಂತೆ ಅದು. ೧೯೨೫ರಲ್ಲಿ ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ ಹಡಗಿನ ಪ್ರಯಾಣವೊಂದರಲ್ಲಿ ಅಂಕಪದ್ಧತಿಯನ್ನು ತಿದ್ದಿ ಈಗಿನ ಕಾಂಟ್ರ್ಯಾಕ್ಟ್ ಬ್ರಿಡ್ಜಿಗೆ ರೂಪ ಕೊಟ್ಟನು. ಜನಸಾಮಾನ್ಯರಿಗೆ ಅದನ್ನು ಮುಟ್ಟಿಸಿದವರು ಬೇರೆಯವರು. ೧೯೩೧ರ ಕೊನೆಯಲ್ಲಿ ಈಲಿ ಕಲ್ಬರ್ಟ್‌ಸನ್ ನ್ಯೂಯಾರ್ಕಿನಲ್ಲಿ ಸಿಡ್ನಿ ಲೆನ್ಸ್ ಎಂಬಾತನೊಡನೆ ೧೫೦ ರಬ್ಬರುಗಳ ಪಂದ್ಯ ಹೂಡಿದಾಗ, ವೃತ್ತಪತ್ರಿಕೆಗಳು ಅದನ್ನು ಯುದ್ಧವಾರ್ತೆಯಂತೆ ಪ್ರಕಟಿಸಿದವು. ಬಳಿಕ ಚಾರ್ಲ್ಸ್ ಗೊರೆನ್ ಎಂಬಾತನು ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಎಂಬ ಸರಳ ಎಣಿಕೆಯನ್ನು ಮನೆಮನೆಗೆ ಹರಡಿದನು; ೧೯೫೮ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿಯೇ ಅವನ ಚಿತ್ರ ಬಂದಿತು. ಅದೇ ವರ್ಷ ಓಸ್ಲೋ ನಗರದಲ್ಲಿ ವಿಶ್ವ ಬ್ರಿಡ್ಜ್ ಒಕ್ಕೂಟ ಸ್ಥಾಪನೆಯಾಯಿತು. ೧೯೯೯ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ಮಾನ್ಯತೆಯಿತ್ತಿತು.

ಭಾರತದ ಸಾಧನೆ ನಾವು ತಿಳಿದುದಕ್ಕಿಂತ ಹೆಚ್ಚಿನದು. ೧೯೮೮ರಲ್ಲಿ ವೆನಿಸ್ ನಗರದಲ್ಲಿ ನಡೆದ ವಿಶ್ವ ತಂಡ ಒಲಿಂಪಿಯಾಡಿನಲ್ಲಿ ನಮ್ಮವರು ಉಪಾಂತ್ಯದವರೆಗೆ ಏರಿದರು. ೨೦೧೫ರಲ್ಲಿ ವಿಶ್ವ ತಂಡ ಚಾಂಪಿಯನ್‌ಷಿಪ್ ನೆರೆಯ ಚೆನ್ನೈಯಲ್ಲಿಯೇ ನಡೆದು, ಅಗ್ರಪ್ರಶಸ್ತಿಯಾದ ಬರ್ಮುಡಾ ಬೌಲ್ ಪೋಲೆಂಡಿನ ಪಾಲಾಯಿತು. ಜಕಾರ್ತಾದಲ್ಲಿ ಚಿನ್ನದ ಜೊತೆಗೆ ಪುರುಷರ ತಂಡಕ್ಕೂ ಮಿಶ್ರ ತಂಡಕ್ಕೂ ಕಂಚು ಬಂದಿತು. ೨೦೨೩ರಲ್ಲಿ ಹಾಂಗ್‌ಝೌದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಪುರುಷರ ತಂಡ ಬೆಳ್ಳಿ ಗೆದ್ದಿತು. ಆದರೆ ಈ ಪದಕವಿಜೇತರ ವಯಸ್ಸನ್ನೊಮ್ಮೆ ನೋಡಬೇಕು. ಜಕಾರ್ತಾಕ್ಕೆ ಹೋದ ಭಾರತದ ಬ್ರಿಡ್ಜ್ ತಂಡದಲ್ಲಿದ್ದ ರೀಟಾ ಚೋಕ್ಸಿಯವರಿಗೆ ೭೯ ವರ್ಷ. ಎಂಬತ್ತರ ಅಂಚಿನಲ್ಲಿಯೂ ದೇಶಕ್ಕಾಗಿ ಆಡಬಹುದಾದ ಕ್ರೀಡೆ ಇನ್ನೊಂದು ಯಾವುದಿದ್ದೀತು! ಇದು ಆಟದ ಹಿರಿಮೆ. ಅವರ ಮಗ್ಗುಲಲ್ಲಿ ಹದಿನೇಳು ಹದಿನೆಂಟರವರು ಸಾಲುಗಟ್ಟಿ ನಿಂತಿಲ್ಲವೆಂಬುದು ಆಟದ ಸಂಕಟ.

ಪ್ರಸಾರದ ಪ್ರಶ್ನೆ ಇಲ್ಲಿಂದ ಏಳುತ್ತದೆ. ಚದುರಂಗಕ್ಕೆ ಇಬ್ಬರು ಸಾಕು; ಒಬ್ಬನೇ ಕುಳಿತು ಯಂತ್ರದೊಡನೆ ಆಡಿಯೂ ಪ್ರಾವೀಣ್ಯ ಗಳಿಸಬಹುದು. ಬ್ರಿಡ್ಜಿಗೆ ನಾಲ್ವರು ಬೇಕೇ ಬೇಕು. ಮೂವರಿದ್ದರೆ ಆ ಮೂವರೂ ಮನೆಗೆ ಹೋಗಬೇಕು. ಒಂದು ಊರಿನಲ್ಲಿ ಆಟ ಉಳಿಯುವುದೂ ಅಳಿಯುವುದೂ ಅಲ್ಲಿನ ಅತ್ಯುತ್ತಮ ಆಟಗಾರನ ಕೈಯಲ್ಲಿಲ್ಲ. ಅರೆಬರೆ ಕಲಿತು ಅಂಜುತ್ತಂಜುತ್ತ ಬಂದು ಕೂರುವ ನಾಲ್ಕನೆಯವನ ಕೈಯಲ್ಲಿದೆ. ನಮ್ಮ ನಗರಗಳ ಹಳೆಯ ಕ್ಲಬ್ಬುಗಳಲ್ಲಿ ನಾನು ಕಂಡುದು ಇದರ ವಿರುದ್ಧವನ್ನು. ಬಲ್ಲವರು ಬಲ್ಲವರೊಡನೆಯೇ ಕೂರುವರು. ಹೊಸಬನು ಒಂದು ಎಲೆಯನ್ನು ತಪ್ಪಿ ಇಳಿಸಿದರೆ ಜೊತೆಗಾರನು ಎಲ್ಲರೆದುರಿಗೆ ಗದರುವನು. ಮುಂದಿನ ವಾರ ಆ ಹೊಸಬನು ಬರುವುದಿಲ್ಲ. ಹತ್ತು ವರ್ಷಗಳ ಮೇಲೆ ‘ಈಗಿನ ಹುಡುಗರಿಗೆ ಆಸಕ್ತಿಯೇ ಇಲ್ಲ’ ಎಂದು ಅದೇ ಮೇಜಿನ ಸುತ್ತ ನಿಟ್ಟುಸಿರು ಕೇಳಿಬರುವುದು. ಕನ್ನಡ ಪಂಡಿತರಾದ ನಾವು ಹಳಗನ್ನಡದ ವಿಷಯದಲ್ಲಿ ಮಾಡಿದ ತಪ್ಪೂ ಇದೇ ಎಂಬುದನ್ನು ಇಲ್ಲಿ ಪಿಸುಮಾತಿನಲ್ಲಿ ಒಪ್ಪಿಕೊಳ್ಳುವೆನು.

ಉತ್ತರ ಅಮೆರಿಕದ ಒಕ್ಕೂಟದವರು ಈ ಗದರಿಕೆಯಿಂದಲೇ ಜನ ಚದುರುತ್ತಿದ್ದಾರೆಂದು ಕಂಡುಕೊಂಡು, ೧೯೯೦ರ ದಶಕದ ಕೊನೆಯಲ್ಲಿ ಮೇಜಿನಲ್ಲಿ ಒರಟುತನ ತೋರಿದವರಿಗೆ ಅಂಕ ಕಡಿತದ ದಂಡ ವಿಧಿಸುವ ನಿಯಮ ತಂದರು. ಡುಪ್ಲಿಕೇಟ್ ಬ್ರಿಡ್ಜಿನ ವಿಶ್ವ ನಿಯಮಾವಳಿಯ ೭೪ನೆಯ ನಿಯಮವು ಸೌಜನ್ಯವನ್ನು ಆಟಗಾರನ ಕರ್ತವ್ಯವೆಂದೇ ಹೇಳುತ್ತದೆ. ಸೌಜನ್ಯಕ್ಕೆ ಕಾಯಿದೆ ಬೇಕಾಯಿತೇ ಎಂದು ನಗಬಹುದು, ಬೇಕಾಯಿತೆಂಬುದು ನಿಜ.

ಹೊಸಬನ ಇನ್ನೊಂದು ಕಷ್ಟ ಕೂಗಿನ ಭಾಷೆ. ಆಟದ ಸವಿ ಹತ್ತುವ ಮೊದಲೇ ನೂರು ಸಂಕೇತಗಳನ್ನು ಬಾಯಿಪಾಠ ಮಾಡಬೇಕೆಂದರೆ ಯಾವ ಮಗು ನಿಂತೀತು? ಕಾವ್ಯ ಓದಿಸದೆ ಷಟ್ಪದಿಯ ಲಕ್ಷಣ ಉರುಹೊಡೆಸಿದಂತೆ. ಈ ಕಷ್ಟಕ್ಕೆ ಮದ್ದಾಗಿ ೧೯೯೦ರ ದಶಕದಲ್ಲಿ ಫ್ರಾನ್ಸಿನಲ್ಲಿಯೂ ನೆದರ್ಲೆಂಡ್ಸಿನಲ್ಲಿಯೂ ‘ಮಿನಿಬ್ರಿಡ್ಜ್’ ಎಂಬ ಕಿರಿಯ ಆಟ ಪ್ರಚಾರಕ್ಕೆ ಬಂದಿತು. ಇದರಲ್ಲಿ ಕೂಗೇ ಇಲ್ಲ. ಪ್ರತಿಯೊಬ್ಬನೂ ಗೊರೆನ್ ಹರಡಿದ ಎಣಿಕೆಯಂತೆ ತನ್ನ ಕೈಯ ಬೆಲೆಯನ್ನು ಬಾಯಿಬಿಟ್ಟು ಹೇಳುವನು. ಜಾತಿಗೆ ಹತ್ತರಂತೆ ಒಟ್ಟು ನಲವತ್ತು. ನಾಲ್ವರ ಲೆಕ್ಕ ಕೂಡಿದಾಗ ನಲವತ್ತಾಗದಿದ್ದರೆ ಯಾರೋ ತಪ್ಪೆಣಿಸಿದ್ದಾರೆಂದು ಮಕ್ಕಳೇ ಹಿಡಿಯುವರು. ಹೆಚ್ಚು ಬೆಲೆಯುಳ್ಳ ಜೋಡಿಯಲ್ಲಿ ಹೆಚ್ಚಿನವನು ಆಡುವವನು. ಅವನ ಜೊತೆಗಾರನು ಎಲೆ ತೆರೆದಿಡುವನು. ಅದನ್ನು ನೋಡಿಕೊಂಡೇ ಅವನು ತುರುಫನ್ನೂ ಕರಾರನ್ನೂ ನಿಶ್ಚಯಿಸುವನು. ಇಬ್ಬರಲ್ಲಿ ಸೇರಿ ಸುಮಾರು ೨೫ ಇದ್ದರೆ ದೊಡ್ಡ ಕರಾರಿಗೆ ಕೈ ಹಾಕಬಹುದೆಂಬ ಒಂದು ಸೂತ್ರ ಸಾಕು. ಹತ್ತು ವರ್ಷದ ಮಗುವಿಗೆ ಒಂದು ಮಧ್ಯಾಹ್ನದಲ್ಲಿ ಇದನ್ನು ಕಲಿಸಬಹುದು. ನಾನು ನನ್ನ ತಂಗಿಯ ಮಕ್ಕಳಿಗ��� ಕಲಿಸಿ ನೋಡಿದ್ದೇನೆ.

ನೆದರ್ಲೆಂಡ್ಸಿನ ಉದಾಹರಣೆ ಮನನೀಯವಾದುದು. ಕರ್ನಾಟಕಕ್ಕಿಂತ ಬಹಳ ಚಿಕ್ಕದಾದ ಆ ನಾಡಿನ ಬ್ರಿಡ್ಜ್ ಸಂಘಕ್ಕೆ ಒಂದು ಕಾಲಕ್ಕೆ ಲಕ್ಷಕ್ಕೂ ಮಿಕ್ಕಿ ಸದಸ್ಯರಿದ್ದರು. ಊರೂರಿನಲ್ಲಿಯೂ ವಾರಕ್ಕೊಂದು ಸಂಜೆ ಕೂಡುವ ಸಣ್ಣ ಕೂಟಗಳು. ಮೇಲ್ತುದಿಯಲ್ಲಿ ಆ ದೇಶ ೧೯೯೩ರಲ್ಲಿಯೂ ೨೦೧೧ರಲ್ಲಿಯೂ ಬರ್ಮುಡಾ ಬೌಲ್ ಗೆದ್ದಿತು. ಚೀನಾದ ಕಥೆ ಇನ್ನೂ ವಿಚಿತ್ರ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಸಿರಿವಂತರ ಸೋಮಾರಿತನವೆಂದು ತಿರಸ್ಕೃತವಾಗಿದ್ದ ಬ್ರಿಡ್ಜ್, ಸ್ವತಃ ಅದರ ವ್ಯಸನಿಯಾಗಿದ್ದ ಡೆಂಗ್ ಷಿಯಾವೋಪಿಂಗ್ ಅಧಿಕಾರಕ್ಕೆ ಬಂದ ಮೇಲೆ ತಲೆಯೆತ್ತಿತು. ೧೯೮೦ರಲ್ಲಿ ಆ ದೇಶ ವಿಶ್ವ ಒಕ್ಕೂಟವನ್ನು ಸೇರಿತು. ೨೦೦೯ರಲ್ಲಿ ಅಲ್ಲಿನ ಮಹಿಳೆಯರು ವಿಶ್ವ ಪ್ರಶಸ್ತಿಯಾದ ವೆನಿಸ್ ಕಪ್ಪನ್ನು ಗೆದ್ದರು. ತಿರಸ್ಕಾರದಿಂದ ಶಿಖರಕ್ಕೆ ಮೂವತ್ತೇ ವರ್ಷ. ನಾನು ಆ ಎಲೆಗಳನ್ನು ಹರಿದು ಇಂದಿಗೆ ಆದಷ್ಟೇ ಕಾಲ.

ಮೇಲಕ್ಕೆ ಏರುವ ಮೆಟ್ಟಿಲುಗಳು ಇಲ್ಲವೆನ್ನುವಂತಿಲ್ಲ. ನಮ್ಮಲ್ಲಿ ಕರ್ನಾಟಕ ರಾಜ್ಯ ಬ್ರಿಡ್ಜ್ ಸಂಸ್ಥೆಯಿದೆ, ಅದರ ಮೇಲೆ ಭಾರತೀಯ ಬ್ರಿಡ್ಜ್ ಒಕ್ಕೂಟವಿದೆ, ರಾಷ್ಟ್ರಮಟ್ಟದಲ್ಲಿ ಹಳೆಯ ಹೆಸರುವಾಸಿಯಾದ ರುಯಿಯಾ ಟ್ರೋಫಿಯಿದೆ. ತರುಣರಿಗಾಗಿ ವಿಶ್ವ ತಂಡ ಸ್ಪರ್ಧೆಗಳು ೧೯೮೭ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆರಂಭವಾದವು; ಇಂದು ಹದಿನಾರರೊಳಗಿನ ಮಕ್ಕಳಿಗೂ ಅಲ್ಲಿ ಪ್ರತ್ಯೇಕ ವಿಭಾಗವುಂಟು. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಲೋಕದ ಕ್ಲಬ್ಬುಗಳೆಲ್ಲ ಬಾಗಿಲು ಹಾಕಿದಾಗ ಆಟ ಕಂಪ್ಯೂಟರಿನ ಪರದೆಗೆ ಹೋಯಿತು. ಹಳ್ಳಿಯ ಹುಡುಗಿಯೊಬ್ಬಳು ಪೋಲೆಂಡಿನವನೊಡನೆ ಹಣದ ಗೊಡವೆಯಿಲ್ಲದೆ ಆಡಬಹುದಾದ ಸೌಕರ್ಯ ಅದರಿಂದ ಬಂದುದು ನಿಜ. ಕೊರತೆ ಇರುವುದು ಮೊದಲ ಮೆಟ್ಟಿಲಿನಲ್ಲಿ. ಜಿಲ್ಲಾ ಕೇಂದ್ರದ ಹೊರಗೆ ಈ ಆಟವನ್ನು ಕಲಿಸುವ ಶಾಲೆ ಎಲ್ಲಿದೆ? ಕಲಿತವನು ಮೊದಲ ಪಂದ್ಯದಲ್ಲಿಯೇ ರಾಷ್ಟ್ರೀಯ ಆಟಗಾರನ ಎದುರು ಕುಳಿತು ನುಚ್ಚುನೂರಾಗದಂತೆ ಹೊಸಬರಿಗೇ ಮೀಸಲಾದ ಪಂದ್ಯಗಳು ಎಷ್ಟಿವೆ? ಹಿರಿಯನೊಬ್ಬ ಕಿರಿಯನೊಬ್ಬ ಜೊತೆಯಾಗಿಯೇ ಆಡಬೇಕೆಂಬ ಪಂದ್ಯವನ್ನು ವರ್ಷಕ್ಕೆರಡು ಸಲ ನಡೆಸಿದರೂ ನಾಲ್ಕನೆಯ ಆಸನ ತುಂಬೀತು.

ದಾನಿಗಳ ವಿಷಯಕ್ಕೆ ಬಂದರೆ, ಬ್ರಿಡ್ಜ್ ಹಣವಂತರ ಕೃಪೆಗೆ ಪಾತ್ರವಾದ ಆಟವೇ. ೨೦೦೫ರಲ್ಲಿ ಬಿಲ್ ಗೇಟ್ಸ್ ಮತ್ತು ವಾರೆನ್ ಬಫೆಟ್ ಅಮೆರಿಕದ ಶಾಲೆಗಳಲ್ಲಿ ಬ್ರಿಡ್ಜ್ ಕಲಿಸಲು ಹತ್ತು ಲಕ್ಷ ಡಾಲರುಗಳನ್ನು ಕೊಡಲು ಮುಂದಾದರು. ಅದಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ತಾವೇ ಮೇಜಿಗೆ ಬಂದು ಕುಳಿತ ದಾನಿಗಳು. ಜಕಾರ್ತಾದಲ್ಲಿ ಇಂಡೋನೇಷಿಯಾದ ಅತಿ ದೊಡ್ಡ ಶ್ರೀಮಂತರಲ್ಲೊಬ್ಬನಾದ ಬಾಂಬಾಂಗ್ ಹಾರ್ಟೋನೋ ತನ್ನ ೭೮ನೆಯ ವಯಸ್ಸಿನಲ್ಲಿ ಆಡಿ ಕಂಚು ಗೆದ್ದನು. ನಮ್ಮ ಕಿರಣ್ ನಾಡಾರ್ ಅವರು ಬ್ರಿಡ್ಜಿನ ಪೋಷಕಿಯೂ ಹೌದು, ಅದೇ ಕ್ರೀಡಾಕೂಟದಲ್ಲಿ ಕಂಚು ಗೆದ್ದ ಮಿಶ್ರ ತಂಡದ ಆಟಗಾರ್ತಿಯೂ ಹೌದು. ಪಾರಿತೋಷಕಕ್ಕೆ ಹಣ ಕೊಟ್ಟು ಫಲಕದಲ್ಲಿ ಹೆಸರು ಕೆತ್ತಿಸಿಕೊಳ್ಳುವುದಕ್ಕಿಂತ, ನಾಲ್ಕು ಮಕ್ಕಳೊಡನೆ ಒಂದು ತಾಸು ಕುಳಿತುಕೊಳ್ಳುವುದು ಈ ಆಟಕ್ಕೆ ಹೆಚ್ಚಿನ ದಾನ.

ಒಂದು ಕಹಿಮಾತನ್ನೂ ಮರೆಮಾಚಕೂಡದು. ಜೊತೆಗಾರರ ನಡುವಣ ಕಳ್ಳಸಂಜ್ಞೆ ಈ ಕ್ರೀಡೆಯ ಹಳೆಯ ರೋಗ. ಮುಖ ಕಾಣದಂತೆ ಮೇಜಿನ ಮೇಲೆ ಅಡ್ಡ ತೆರೆ ಕಟ್ಟಿ ಆಡಿಸಿದ ೧೯೭೫ರ ಬರ್ಮುಡಾ ಬೌಲಿನಲ್ಲಿಯೇ, ಮೇಜಿನ ಕೆಳಗೆ ಒಬ್ಬನ ಕಾಲು ಇನ್ನೊಬ್ಬನ ಕಾಲನ್ನು ತಟ್ಟುತ್ತಿದ್ದುದು ಬಯಲಾಯಿತು. ೨೦೧೫ರಲ್ಲಿ ಲೋಕವಿಖ್ಯಾತರಾದ ಕೆಲವು ಜೋಡಿಗಳ ಮೋಸವನ್ನು ಪಂದ್ಯಗಳ ಚಿತ್ರಸುರುಳಿ ನೋಡಿಯೇ ಸಹ ಆಟಗಾರರು ಪತ್ತೆ ಹಚ್ಚಿದರು. ಹುಡುಕಿದವರೂ ಆಟಗಾರರೇ, ದೂರಿದವರೂ ಆಟಗಾರರೇ ಎಂಬುದು ಗಮನಾರ್ಹ. ಮಕ್ಕಳಿಗೆ ಕಲಿಸುವಾಗ ಮೊದಲ ದಿನವೇ ಕಲಿಸಬೇಕಾದುದು ಎಕ್ಕದ ಬೆಲೆಯನ್ನಲ್ಲ, ಜೊತೆಗಾರನು ತಡವರಿಸಿದುದನ್ನು ಕಂಡೂ ಕಾಣದವನಂತೆ ಆಡುವುದನ್ನು.

ನಮ್ಮ ಶಾಲೆಯಲ್ಲಿ ಇದನ್ನು ಆರಂಭಿಸಲು ಬೇಕಾದ ಸಾಮಗ್ರಿಯನ್ನು ಲೆಕ್ಕ ಹಾಕಿದ್ದೇನೆ. ಎಂಟು ಮಕ್ಕಳು, ಎರಡು ಮೇಜು, ಎಂಟು ಕಟ್ಟು ಎಲೆ. ಬೋರ್ಡುಗಳ ಬದಲು ಕಟ್ಟಿಗೆ ನಾಲ್ಕರಂತೆ ದಪ್ಪ ಕಾಗದದ ಲಕೋಟೆಗಳಾದರೆ ಸಾಕು. ಅವುಗಳ ಮೇಲೆ ಉ, ದ, ಪೂ, ಪ ಎಂದು ಬರೆದುಕೊಳ್ಳಬಹುದು. ತಂದೆತಾಯಿಗಳ ಒಪ್ಪಿಗೆಯನ್ನು ಮೊದಲೇ ಲಿಖಿತವಾಗಿ ಪಡೆಯಬೇಕು. ಪತ್ರವನ್ನು ನಾನೇ ಬರೆಯುವೆನು. ಮೂರು ತಿಂಗಳು ಮಿನಿಬ್ರಿಡ್ಜ್, ಆಮೇಲೆ ಕೂಗು. ಅಂಕಗಳನ್ನು ಬರೆಯಲು ಒಂದು ನೋಟುಪುಸ್ತಕ ಬೇಕು. ಅದಕ್ಕಾಗಿ ಹಳೆಯದೊಂದು ನನ್ನಲ್ಲಿದೆ, ಅರ್ಧದಷ್ಟು ಹಾಳೆಗಳು ಇನ್ನೂ ಖಾಲಿ ಇವೆ. ಶನಿವಾರ ಮಧ್ಯಾಹ್ನ ಚಿತ್ರಕಲೆಯ ಕೊಠಡಿಯಲ್ಲಿ ಯಾರೂ ಇರುವುದಿಲ್ಲ.